ಹೆಸರಿಗೆ ಮುಂಚಿನ ಮೂರು ಖಾಲಿ ಜಾಗ

ನಮ್ಮ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಆಳುಗಳ ಹಾಜರಿ ಪುಸ್ತಕಕ್ಕೆ ಮಸ್ಟರ್ ಎನ್ನುತ್ತಾರೆ. ಅದನ್ನು ಬರೆಯುವ ಗುಮಾಸ್ತರಿಗೆ ರೈಟರು ಎನ್ನುತ್ತಾರೆ. ಕತೆ ಬರೆಯುವ ರೈಟರಲ್ಲ. ಆದರೂ ಯಾರು ಇದ್ದಾರೆ, ಯಾರು ಇಲ್ಲ ಎಂಬುದನ್ನು ತೀರ್ಮಾನಿಸುತ್ತಿದ್ದವರು ಅವರೇ. ಅವರು ಬರೆದರೆ ಆಳು ಬಂದ ಹಾಗೆ, ಬಿಟ್ಟರೆ ಇಡೀ ದಿನ ತೋಟದಲ್ಲಿ ಬೆನ್ನು ಬಗ್ಗಿಸಿದ್ದರೂ ಬಾರದ ಹಾಗೆ.

ತೊಂಬತ್ತರ ದಶಕದ ಕೊನೆಯಲ್ಲಿ ಬಾಳೂರಿನ ಆಚೆಯ ಒಂದು ಎಸ್ಟೇಟಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನಾನೂ ಹೋದೆ. ಮೂಡಿಗೆರೆಯಲ್ಲಿ ಆರು ತಿಂಗಳ ಕೋರ್ಸು ಮಾಡಿದ್ದೆ, ಅದೇ ನನ್ನ ದೊಡ್ಡಸ್ತಿಕೆ. ನಮ್ಮದು ಗೋಣಿಬೀಡಿನ ಹತ್ತಿರ ಮೂರು ಎಕರೆ ತೋಟದ ಮನೆ. ಮೂರು ಎಕರೆಯವರ ಬಿಂಕ ಮುನ್ನೂರು ಎಕರೆಯವರಿಗೆ ಇರುವುದಿಲ್ಲ. ಮಗಳು ಎಸ್ಟೇಟಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಹೇಳಲು ಅಪ್ಪನಿಗೆ ನಾಚಿಕೆ, ಕಂಪ್ಯೂಟರಿನ ಕೆಲಸ ಎಂದು ಸೇರಿಸಲು ಹೆಮ್ಮೆ. ಗೋಣಿಬೀಡಿನಿಂದ ಮೂಡಿಗೆರೆಗೆ ಒಂದು ಬಸ್ಸು, ಅಲ್ಲಿಂದ ಕಳಸದ ಬಸ್ಸು, ಇಳಿದ ಮೇಲೆ ಎಸ್ಟೇಟಿನ ಜೀಪು ಬಂದರೆ ಜೀಪು, ಇಲ್ಲದಿದ್ದರೆ ನಡಿಗೆ. ಆಫೀಸು ತಲುಪುವ ಹೊತ್ತಿಗೆ ಆಳುಗಳೆಲ್ಲ ತೋಟಕ್ಕೆ ಇಳಿದಾಗಿರುತ್ತಿತ್ತು.

ಮೊದಲ ಕೆಲಸವೆಂದರೆ ಹಿಂದಿನ ಎಂಟು ವರ್ಷದ ಮಸ್ಟರುಗಳನ್ನು ಕಂಪ್ಯೂಟರಿಗೆ ಹಾಕುವುದು. ಒಬ್ಬೊಬ್ಬರಿಗೆ ವರ್ಷಕ್ಕೊಂದು ಸಾಲು. ಆ ಪೆಟ್ಟಿಗೆಯಲ್ಲಿ ಕನ್ನಡ ಇರಲಿಲ್ಲ. ಹೆಸರುಗಳನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒತ್ತಬೇಕಿತ್ತು. ಆಳುಗಳಿಗೆ ಖಾಯಂ ನಂಬರು ಎಂಬುದೂ ಇರಲಿಲ್ಲ. ಪ್ರತಿ ವರ್ಷ ಹೊಸ ಪುಸ್ತಕ, ಹೊಸ ನಂಬರು. ಹೀಗಾಗಿ ಹೋದ ವರ್ಷದವನೇ ಈ ವರ್ಷದವನು ಎಂದು ಕಂಪ್ಯೂಟರಿಗೆ ತಿಳಿಯಲು ಇದ್ದ ಆಧಾರ ಹೆಸರೊಂದೇ.

ರೈಟರ ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು. ಅವರದೊಂದು ಪದ್ಧತಿಯಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರೆ ಗಂಡನ ಹೆಸರನ್ನು ಪುಟದ ಎಡಗಡೆಯ ಕೆಂಪು ಗೆರೆಗೆ ತಾಗಿಸಿ ಬರೆಯುತ್ತಿದ್ದರು. ಹೆಂಡತಿಯ ಹೆಸರು ಅದರ ಕೆಳಗೆ, ಹೆಬ್ಬೆರಳಿನ ಅಗಲದಷ್ಟು ಒಳಕ್ಕೆ. ಹೆಸರಿನ ಕೊನೆಗೆ ಗಂಡನ ಇನಿಶಿಯಲ್ಲು. ಯಾಕೆ ಈ ಜಾಗ ಬಿಡುತ್ತೀರಿ ಎಂದು ಕೇಳಿದೆ.

"ಅದು ಜಾಗ ಅಲ್ಲ ಮಾರಾಯ್ತಿ," ಎಂದರು ರೈಟರು. "ಇಂಥವನ ಹೆಂಡ್ತಿ ಅಂತ ದಿನಾ ಯಾರು ಬರೀತಾರೆ? ಒಳಗೆ ಬರೆದ್ರೆ ಹೆಂಡ್ತಿ. ನೋಡಿದ ಕೂಡ್ಲೆ ಗೊತ್ತಾಗ್ತದೆ."

ನಿಜವೇ. ನನಗೂ ನೋಡಿದ ಕೂಡಲೇ ಗೊತ್ತಾಯಿತು. ಅದರಲ್ಲಿ ತಪ್ಪೇನಿದೆ ಎಂದು ತಲೆಗೇ ಬರಲಿಲ್ಲ. ನಮ್ಮ ಮನೆಯಲ್ಲೂ ಅಮ್ಮ ಒಳಗೇ ಇದ್ದಳಲ್ಲ. ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ಇಳಿಸಬೇಕು ಎಂದು ಮ್ಯಾನೇಜರು ಹೇಳಿದ್ದರು. ನಾನೋ ಹೊಸಬಳು, ವಿಧೇಯತೆ ಮೈತುಂಬ. ಪ್ರತಿ ಹೆಂಡತಿಯ ಹೆಸರಿಗೆ ಮುಂಚೆ ಸ್ಪೇಸ್ ಬಾರನ್ನು ಮೂರು ಸಲ ಒತ್ತಿ, ಆಮೇಲೆ ಹೆಸರು ಒತ್ತಿದೆ. ಪರದೆಯ ಮೇಲೆ ಥೇಟ್ ರೈಟರ ಪುಸ್ತಕದಂತೆಯೇ ಕಂಡಿತು. ಎಂಟು ವರ್ಷದ ಹೆಂಡತಿಯರನ್ನೆಲ್ಲ ಹೀಗೆ ಮೂರು ಮೂರು ಮನೆ ಒಳಕ್ಕೆ ತಳ್ಳಲು ನನಗೆ ಎರಡು ತಿಂಗಳು ಹಿಡಿಯಿತು.

ಎಲ್ಲ ಮುಗಿದ ಮೇಲೆ ಅಕ್ಷರದ ಕ್ರಮದಲ್ಲಿ ಪಟ್ಟಿ ತೆಗೆದೆವು. ಹೆಂಡತಿಯರೆಲ್ಲ ಮೇಲೆ ಬಂದಿದ್ದರು. ಅವರೆಲ್ಲ ಮುಗಿದ ಮೇಲೆ ಗಂಡಸರು, ಅವರ ನಡುವೆ ಮದುವೆಯಾಗದ ಹುಡುಗಿಯರು, ಗಂಡ ಸತ್ತವರು. ಮ್ಯಾನೇಜರು ಕಾಗದ ನೋಡಿ ನಕ್ಕರು.

"ಏನ್ರೀ ಇದು, ಲೇಡೀಸ್ ಫಸ್ಟಾ?"

ಪ್ರೋಗ್ರಾಮ್ ಬರೆದುಕೊಟ್ಟವರು ಚಿಕ್ಕಮಗಳೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು, ಅರೆನರೆತ ಕೂದಲಿನ ನಿಧಾನದ ಮನುಷ್ಯ. ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೆಸರಿಗೆಂದು ಮೂವತ್ತು ಅಕ್ಷರದ ಜಾಗ ಇಟ್ಟಿದೆ. ಹೆಸರು ಹತ್ತಕ್ಷರದ್ದಾದರೆ ಉಳಿದ ಇಪ್ಪತ್ತನ್ನು ಕಂಪ್ಯೂಟರೇ ಖಾಲಿಯಿಂದ ತುಂಬಿಕೊಳ್ಳುತ್ತದೆ. ಎರಡು ಹೆಸರು ಒಂದೇ ಹೌದೋ ಅಲ್ಲವೋ ಎಂದು ನೋಡುವಾಗ ಬಾಲದ ಕಡೆಯ ಆ ಖಾಲಿಯನ್ನು ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ. ತಲೆಯ ಕಡೆಯ ಖಾಲಿಯ ಮಾತೇ ಬೇರೆ. ಅದು ನೀವೇ ಒತ್ತಿದ್ದು. ಅದನ್ನು ಕಂಪ್ಯೂಟರು ಅಕ್ಷರ ಅಂತಲೇ ಲೆಕ್ಕ ಹಿಡಿಯುತ್ತದೆ, ಅದೂ ಎಲ್ಲ ಅಕ್ಷರಗಳಿಗಿಂತ ಮೊದಲು ಬರುವ ಅಕ್ಷರ. ಅದಕ್ಕೇ ನಿಮ್ಮ ಹೆಂಗಸರು ಮೇಲೆ ಕೂತಿದ್ದಾರೆ.

"ಬಾಲದ್ದು ಬಿಡ್ತದೆ, ತಲೆದು ಬಿಡಲ್ಲ," ಎಂದರು. "ನಿಮ್ಗೆ ಕಾಣದೆ ಇರ್ಬಹುದು, ಅದಕ್ಕೆ ಕಾಣ್ತದೆ. ತೆಗೆದು ಬಿಡ್ಲಾ? ಒಂದೇ ಸಾಲಿನ ಕೆಲಸ."

ನಾನು ಬಾಯಿ ತೆರೆಯುವ ಮೊದಲೇ ರೈಟರು ಕೈ ಅಡ್ಡ ಮಾಡಿದರು. "ಬ್ಯಾಡ ಮಾರಾಯ್ರೇ, ಹಂಗೇ ಇರ್ಲಿ. ಹಣ್ಣು ಕುಯ್ಯೋಕೆ ಹೆಂಗಸರ ಪಟ್ಟಿ ಬೇರೆ ಬೇಕಾಗ್ತದೆ. ತಾನಾಗೇ ಮೇಲೆ ಬಂದು ಕೂತ್ರೆ ಒಳ್ಳೇದೇ ಆಯ್ತಲ್ಲ."

ಒಳ್ಳೆಯದೇ ಆಯ್ತಲ್ಲ ಎಂದು ನಾನೂ ತಲೆಯಾಡಿಸಿದೆ. ಪ್ರೋಗ್ರಾಮಿನವರು ಚೀಲ ಎತ್ತಿಕೊಂಡು ಹೊರಟರು. ಆ ಒಂದು ಸಾಲನ್ನು ಅಂದು ಒತ್ತಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಈಗ ಬಾಯಿಲ್ಲ. ಗೊತ್ತಿತ್ತು. ಪಾಠ ಹೇಳಿಸಿಕೊಂಡು, ಅರ್ಥವಾಯಿತು ಎಂದು ಹೇಳಿ, ಸುಮ್ಮನಿದ್ದೆ.

ಮರುವರ್ಷ ಲೈನ್ ಮನೆಯ ಒಬ್ಬ ಕಾಮಾಲೆಯಲ್ಲಿ ತೀರಿಕೊಂಡ. ಲೈನ್ ಮನೆಗಳೆಂದರೆ ಆಳುಗಳಿಗೆಂದು ಎಸ್ಟೇಟಿನವರೇ ಸಾಲಾಗಿ ಕಟ್ಟಿಸಿದ ಒಂದೊಂದು ಕೋಣೆಯ ಮನೆಗಳು. ಅವನ ಹೆಂಡತಿಯೂ ನಮ್ಮಲ್ಲೇ ಆಳು, ಮದುವೆಯಾಗಿ ಬಂದ ವರ್ಷದಿಂದ ಕೆಲಸಕ್ಕಿದ್ದವಳು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಆದರೂ ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ಅಮ್ಮಾ, ನೀವು ಎನ್ನುತ್ತಿದ್ದಳು. ಅದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ಇಬ್ಬರಿಗೂ ಬರುತ್ತಿತ್ತು. ಗಂಡ ಸತ್ತ ಹದಿನೈದನೆಯ ದಿನಕ್ಕೆ ಅವಳು ಮತ್ತೆ ಕೆಲಸಕ್ಕೆ ಬಂದಳು. ಕೆಲಸಕ್ಕೆ ಬಾರದವರಿಗೆ ಲೈನಿನಲ್ಲಿ ಮನೆಯಿಲ್ಲ.

ಹೊಸ ವರ್ಷದ ಮಸ್ಟರಿನಲ್ಲಿ ರೈಟರು ಅವಳ ಹೆಸರನ್ನು ಕೆಂಪು ಗೆರೆಗೆ ತಾಗಿಸಿ ಬರೆದರು. ಬರೆದ ಮೇಲೆ ಪೆನ್ನು ಕೆಳಗಿಟ್ಟು, "ಇನ್ನು ಆಕೆನೇ ಅಲ್ವ ಮನೆ ಯಜಮಾನಿ," ಎಂದರು. ಅವರ ಮಟ್ಟಿಗೆ ಅದು ಮರ್ಯಾದೆ. ನಾನು ಪುಸ್ತಕ ನೋಡಿ ಹಾಗೆಯೇ ಒತ್ತಿದೆ, ಖಾಲಿ ಬಿಡದೆ. ಅದೇ ಹೆಸರು, ಅದೇ ಇನಿಶಿಯಲ್ಲು. ಕಾಗದದ ಮೇಲೆ ಅದು ಅವಳೇ. ಪೆಟ್ಟಿಗೆಯೊಳಗೆ ಮಾತ್ರ ಒಂಬತ್ತು ವರ್ಷ ದುಡಿದ ಹೆಂಗಸೊಬ್ಬಳು ಅಂದಿಗೆ ಮಾಯವಾದಳು, ಆ ದಿನವೇ ಕೆಲಸಕ್ಕೆ ಸೇರಿದ ಇನ್ನೊಬ್ಬಳು ಹುಟ್ಟಿದಳು.

ಹೀಗೆಯೇ ಆರು ವರ್ಷ ಕಳೆಯಿತು. ಯಾರಿಗೂ ಏನೂ ತೊಂದರೆಯಾಗಲಿಲ್ಲ. ದಿನದ ಹಾಜರಿ, ವಾರದ ಪಟ್ಟಿ ಎಲ್ಲ ಸರಿಯಾಗಿಯೇ ಬರುತ್ತಿತ್ತು. ಎರಡು ವರ್ಷವನ್ನು ಜೋಡಿಸಿ ನೋಡುವ ಅಗತ್ಯವೇ ಬೀಳಲಿಲ್ಲ.

ಅಗತ್ಯ ಬಿದ್ದದ್ದು ಎಸ್ಟೇಟು ಕೈ ಬದಲಾದಾಗ. ಹಳೆಯ ಸಾಹುಕಾರರ ಮನೆಯಲ್ಲಿ ಪಾಲಾಗಿ, ತೋಟವನ್ನು ಹೊರಗಿನವರು ಕೊಂಡರು. ಅವರ ಕಣ್ಣು ಕಾಫಿಗಿಂತ ಹೋಂಸ್ಟೇ ಮೇಲಿತ್ತು. ಅತ್ತಿಗುಂಡಿ ಕಡೆ ಆಗಲೇ ಶನಿವಾರ ಭಾನುವಾರ ಕಾರುಗಳ ಸಾಲು. ನಮ್ಮ ಲೈನ್ ಮನೆಗಳ ಎದುರಿಗೆ ಕಣಿವೆ ತೆರೆದುಕೊಂಡಿತ್ತು, ಆ ನೋಟಕ್ಕಾಗಿ ಜನ ಅಷ್ಟು ದೂರದಿಂದ ಬರುತ್ತಾರೆಂದು ಅಲ್ಲಿ ಇದ್ದವರಿಗೆ ಗೊತ್ತೇ ಇರಲಿಲ್ಲ. ಹಳೆಯ ಸಾಹುಕಾರರು ಒಂದು ಮಾತು ಹಿಡಿದು ಬರೆಸಿಕೊಂಡರು: ಹತ್ತು ವರ್ಷ ಬಿಡದೆ ದುಡಿದ ಆಳುಗಳನ್ನು ಖಾಯಂ ಮಾಡಿಕೊಳ್ಳಬೇಕು, ಅವರ ಮನೆ ಮುಟ್ಟಬಾರದು. ಉಳಿದವರು ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಯಾರು ಹತ್ತು ವರ್ಷದವರು ಎಂಬುದಕ್ಕೆ ಕಂಪ್ಯೂಟರಿನ ಪಟ್ಟಿಯೇ ಸಾಕ್ಷಿ.

ಪಟ್ಟಿ ತೆಗೆದವಳು ನಾನು. ಹೆಸರಿಗೆ ಎಷ್ಟು ವರ್ಷ ಎಂದು ಎಣಿಸಿ, ಹತ್ತಕ್ಕಿಂತ ಕಡಿಮೆಯವರನ್ನು ಬಿಡು ಎಂದು ಕಂಪ್ಯೂಟರಿಗೆ ಹೇಳಿದೆ. ಪ್ರಿಂಟರ್ ಕಿರುಗುಟ್ಟಿತು. ಮ್ಯಾನೇಜರು ಅದನ್ನು ಚಿಕ್ಕಮಗಳೂರಿಗೆ ಕೊಂಡೊಯ್ದು ಎರಡೂ ಕಡೆಯವರ ಸಹಿ ಹಾಕಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಆಳುಗಳನ್ನು ಕೆಲಸಕ್ಕೆ ಹಂಚುವ ಹೊತ್ತಿನಲ್ಲಿ ಮೇಸ್ತ್ರಿ ಕಣದಲ್ಲಿ ನಿಂತು ಹೆಸರುಗಳನ್ನು ಓದಿದ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಕಾಮಾಲೆಯಲ್ಲಿ ಗಂಡನನ್ನು ಕಳೆದುಕೊಂಡಿದ್ದ ಅವಳು ಆಫೀಸಿನ ಬಾಗಿಲಿಗೆ ಬಂದಳು.

"ನನ್ನ ಹೆಸ್ರು ಓದ್ಲಿಲ್ಲ ಅಮ್ಮಾ. ಮೇಸ್ತ್ರಿ ಮರ್ತಿದಾನೇನೋ, ಸ್ವಲ್ಪ ನೋಡಿ."

ನಾನು ಹೆಸರು ಒತ್ತಿ ನೋಡಿದೆ. "ಮರ್ತಿಲ್ಲ. ನಿಂಗೆ ಆರೇ ವರ್ಷ ಆಗಿರೋದು," ಎಂದೆ.

ಅವಳಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. "ಆರಾ? ನಾನು ಮದ್ವೆಯಾಗಿ ಬಂದ ವರ್ಷ ಅಲ್ವ ಹಳ್ಳದ ಬದಿಯ ಪಟ್ಟೆಗೆ ಗಿಡ ಹಾಕಿದ್ದು? ಗುಂಡಿ ತೆಗ್ದಿದ್ದು ನಮ್ಮನೆಯವ್ರು, ಗಿಡ ಇಟ್ಟಿದ್ದು ನಾನು. ಆ ಗಿಡ ಫಸಲಿಗೆ ಬಂದು ಎಷ್ಟು ವರ್ಷ ಆತು, ನೀವೇ ಹೇಳಿ."

"ಕಂಪ್ಯೂಟರಲ್ಲಿ ಆರೇ ಇದೆ. ನಾನೆಂತ ಮಾಡ್ಲಿ?"

ಹೌದು, ಹೀಗೇ ಹೇಳಿದೆ. ಊಟದ ಡಬ್ಬಿ ಎದುರಿಗಿತ್ತು, ಹಸಿವಾಗಿತ್ತು. ಆ ಧ್ವನಿಯನ್ನು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕೆನಿಸುತ್ತದೆ. ಆಕೆ ಹೇಳಿದ ಆ ಪಟ್ಟೆಯ, ಎಂದರೆ ತೋಟದ ಆ ತುಂಡಿನ, ಹಣ್ಣನ್ನು ನಾನೇ ನಾಲ್ಕಾರು ಸಲ ಲೆಕ್ಕಕ್ಕೆ ಹಾಕಿದ್ದೆ. ಕಾಫಿ ಗಿಡ ಇಟ್ಟ ಮೇಲೆ ಮೂರ್ನಾಲ್ಕು ವರ್ಷ ಫಸಲು ಕೊಡುವುದಿಲ್ಲ. ಗಿಡ ಸುಳ್ಳು ಹೇಳುವುದಿಲ್ಲ ಎಂದು ತೋಟದ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು.

ಅವಳು ಹೋದ ಮೇಲೆ ಏನೋ ಕೊರೆಯತೊಡಗಿತು. ಇಡೀ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದೆ. ಮೊದಲ ಪುಟದಲ್ಲೇ ಒಳಕ್ಕೆ ಸರಿದ ಹೆಸರುಗಳ ನಡುವೆ ಅವಳಿದ್ದಳು. ಒಂಬತ್ತು ವರ್ಷ. ಪುಟಗಳಾಚೆ, ಗಂಡಸರ ನಡುವೆ, ಮತ್ತೆ ಅವಳೇ. ಆರು ವರ್ಷ. ಎರಡೂ ಹತ್ತಕ್ಕೆ ಕಡಿಮೆ, ಎರಡೂ ಹೊರಗೆ. ಇನ್ನೂ ಹುಡುಕಿದೆ. ಅವಳ ಹಾಗೆಯೇ ಈ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ಗೆರೆಗೆ ಬಂದವರು ಒಟ್ಟು ಐದು ಜನ. ಗಂಡಸರಲ್ಲಿ ಒಬ್ಬನೂ ಇರಲಿಲ್ಲ. ಹೆಂಡತಿ ಸತ್ತರೆ ಗಂಡನ ಹೆಸರು ಎಲ್ಲಿಗೂ ಸರಿಯುವುದಿಲ್ಲವಲ್ಲ.

ರೈಟರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಇಳಿಸಿ, "ಜಾಗ ಬಿಡೋದು ನಮ್ಮ ಪದ್ಧತಿ ಮಾರಾಯ್ತಿ. ಅದನ್ನ ಅಕ್ಷರ ಮಾಡಿದ್ದು ನಾನಲ್ಲ, ನೀನು," ಎಂದರು. ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಅಷ್ಟು ಉರಿಯಿತು.

ಮ್ಯಾನೇಜರ ಬಳಿಗೆ ಹೋಗುವ ಮೊದಲು ಆ ಒಂದು ಸಾಲನ್ನು ನಾನೇ ಒತ್ತಿದೆ. ಹೆಸರಿನ ತಲೆಯ ಕಡೆಯ ಖಾಲಿಯನ್ನೆಲ್ಲ ತೆಗೆ ಎಂಬ ಅಪ್ಪಣೆ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟೂ ವರ್ಷದ ಹೆಂಡತಿಯರು ಒಟ್ಟಿಗೆ ಎಡಕ್ಕೆ ಸರಿದು ಗೆರೆಗೆ ಬಂದು ನಿಂತರು. ಮತ್ತೆ ಎಣಿಸಿದೆ. ಅವಳಿಗೆ ಹದಿನೈದು ವರ್ಷ. ಉಳಿದ ನಾಲ್ವರಿಗೂ ಹತ್ತು ದಾಟಿತು. ಹೊಸ ಪಟ್ಟಿಯನ್ನೂ ಹಳೆಯ ಮಸ್ಟರುಗಳನ್ನೂ ಎದೆಗವಚಿಕೊಂಡು ಮ್ಯಾನೇಜರ ಕೋಣೆಗೆ ಹೋದೆ.

ಅವರು ದಡ್ಡರಾಗಿದ್ದರೆ ನನಗೆ ಇಷ್ಟು ದ್ವೇಷ ಉಳಿಯುತ್ತಿರಲಿಲ್ಲ. ಎರಡು ಮಾತಿಗೆಲ್ಲ ಪೂರ್ತಿ ಅರ್ಥ ಮಾಡಿಕೊಂಡರು.

"ಇಂಥವ್ರು ಎಷ್ಟು ಜನ?"

"ಐದು ಜನ ಸರ್."

"ಐದು ಮನೆ," ಎಂದು ಅವರು ತಿದ್ದಿದರು. "ಲಿಸ್ಟಿಗೆ ಸೈನ್ ಆಗಿದೆ. ಹೊಸ ಸಾಹುಕಾರ್ರು ನಾಳಿದ್ದು ಬಂದು ಕಂಪ್ಯೂಟರ್ ಜತೆ ತಾಳೆ ನೋಡ್ತಾರೆ. ಆಗ ಹೆಚ್ಚುಕಡಿಮೆ ಬರ್ಬಾರ್ದು. ಮೊದ್ಲು ಹೆಂಗಿತ್ತೋ ಹಂಗೆ ಮಾಡಿಡಿ."

"ಸರ್, ಅವ್ಳು ಹದಿನೈದು ವರ್ಷ ದುಡಿದಿದಾಳೆ."

"ನಾನೇನು ಇಲ್ಲ ಅಂದ್ನಾ? ತಪ್ಪು ಯಾರದ್ದು ಅಂತ ಅವ್ರು ಕೇಳಿದ್ರೆ ನಿಮ್ಮ ಹೆಸ್ರು ಹೇಳ್ಬೇಕಾಗ್ತದೆ. ಆಫೀಸಿನವರಲ್ಲಿ ಯಾರನ್ನ ಇಟ್ಕೊಳ್ಳೋದು ಅಂತ ಅವ್ರಿನ್ನೂ ಹೇಳಿಲ್ಲ, ನೆನಪಿರ್ಲಿ."

ನಾನು ತಂದ ಪಟ್ಟಿಯನ್ನು ಮಗುಚಿ ಹಾಕಿ, ಅದರ ಬೆನ್ನಿಗೆ, ಆಗಷ್ಟೇ ಬಾಗಿಲಿಗೆ ಬಂದ ಜೀಪಿನ ಡ್ರೈವರ್ ಹೇಳಿದ ಕಿಲೋಮೀಟರು ಬರೆದುಕೊಂಡರು. ಮಾತು ಮುಗಿದಿತ್ತು.

ನನ್ನ ಕೆಲಸ ಹೋಗಿದ್ದರೆ ಏನಾಗುತ್ತಿತ್ತು? ಗೋಣಿಬೀಡಿನ ಮನೆಯಲ್ಲಿ ಕೂತು ನಮ್ಮ ಮೂರು ಎಕರೆಯ ಹಣ್ಣು ಕುಯ್ಯುತ್ತಿದ್ದೆ. ಅಮ್ಮ ಒಂದು ಹೊತ್ತು ಬೈದು ಎರಡು ಹೊತ್ತು ಬಡಿಸುತ್ತಿದ್ದಳು. ನಾನು ಬೀದಿಗೆ ಬೀಳುತ್ತಿರಲಿಲ್ಲ. ಬೀಳುವವಳು ಅವಳು. ಈ ಲೆಕ್ಕ ಅಂದೂ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕುರ್ಚಿಗೆ ಹೋಗಿ ಕೂತೆ.

ತೆಗೆಯಲು ಒಂದು ಸಾಲು ಸಾಕಾಗಿತ್ತು, ಹಾಕಲು ಅಂಥ ಸುಲಭದ ದಾರಿ ಇರಲಿಲ್ಲ. ಉಳಿದ ಹೆಂಡತಿಯರು ಗೆರೆಯಲ್ಲೇ ನಿಂತರೂ ಅವರ ವರ್ಷದ ಲೆಕ್ಕ ಬದಲಾಗುವುದಿಲ್ಲ. ಈ ಐದು ಜನರ ಹೆಸರು ಹುಡುಕಿ, ಅವರವರ ಗಂಡ ಬದುಕಿದ್ದ ವರ್ಷಗಳ ಸಾಲನ್ನು ಒಂದೊಂದಾಗಿ ತೆರೆದು, ಹೆಸರಿನ ತಲೆಗೆ ಕರ್ಸರ್ ತಂದು ಸ್ಪೇಸ್ ಬಾರ್ ಒತ್ತಬೇಕು. ಒಂದು, ಎರಡು, ಮೂರು. ಮುಂದಿನ ವರ್ಷ. ಒಂದು, ಎರಡು, ಮೂರು. ಅವಳದು ಒಂಬತ್ತು ಸಾಲು. ಮೊದಲ ಸಲ ಒತ್ತುವಾಗ ಪುಸ್ತಕ ನೋಡಿ ಒತ್ತಿದ್ದೆ, ಅದಕ್ಕೆ ಕ್ಷಮೆಯಿರಬಹುದು. ಈ ಸಲ ಪುಸ್ತಕ ಮುಚ್ಚಿಟ್ಟು ಒತ್ತಿದೆ. ಮಧ್ಯದಲ್ಲಿ ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದ ಕರೆಂಟು ಅಂದು ಹೋಗಲಿಲ್ಲ. ಹೋಗಿದ್ದರೂ ಬಂದ ಮೇಲೆ ಮುಂದುವರಿಸುತ್ತಿದ್ದೆನೇ ಹೊರತು ಬಿಡುತ್ತಿರಲಿಲ್ಲ.

ಮೂರನೆಯ ದಿನ ಹೊಸ ಸಾಹುಕಾರರು ಬಂದರು. ಹೆಸರಿನಲ್ಲಾಗಲಿ ವರ್ಷದಲ್ಲಾಗಲಿ ಪಟ್ಟಿಗೂ ಕಂಪ್ಯೂಟರಿಗೂ ಒಂದು ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಕೆಲಸ ನೀಟಾಗಿದೆ ಎಂದು ನನ್ನನ್ನು ಹೊಗಳಿದರು. ನನ್ನನ್ನು ಇಟ್ಟುಕೊಂಡರು.

ಮೂರು ತಿಂಗಳು ಮುಗಿಯುವ ವಾರದಲ್ಲಿ ಅವಳು ಮತ್ತೊಮ್ಮೆ ಆಫೀಸಿಗೆ ಬಂದಳು. ಕಳಸದ ಕಡೆಯ ಒಂದು ತೋಟದಲ್ಲಿ ಕೆಲಸ ಕೇಳಿದ್ದಾಳಂತೆ. ಇಲ್ಲಿ ಎಷ್ಟು ವರ್ಷ ಇದ್ದೆ ಎಂಬುದಕ್ಕೆ ಕಾಗದ ತಂದರೆ ಅವರು ಮನೆ ಕೊಡುವ ವಿಚಾರ ನೋಡುತ್ತಾರಂತೆ. ಮ್ಯಾನೇಜರಿಗೆ ಹೇಳಿದೆ. ಕಂಪ್ಯೂಟರಲ್ಲಿ ಏನಿದೆಯೋ ಅದಕ್ಕೆ ಸೈನ್ ಹಾಕುತ್ತೇನೆ, ಬೇರೆಯದಕ್ಕೆ ಇಲ್ಲ ಎಂದರು. ಕಂಪ್ಯೂಟರಿನಲ್ಲಿ ಇದ್ದದ್ದು ಎರಡು. ಒಂದು ಒಂಬತ್ತು ವರ್ಷದ್ದು, ಒಂದು ಆರು ವರ್ಷದ್ದು. ಎರಡು ಕಾಗದ ಪ್ರಿಂಟ್ ಮಾಡಿ, ಸಹಿ ಹಾಕಿಸಿ, ಸೀಲು ಒತ್ತಿ ಅವಳ ಕೈಗೆ ಕೊಟ್ಟೆ.

ಅವಳಿಗೆ ಓದಲು ಬರುತ್ತಿರಲಿಲ್ಲ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದಳು. "ಎರಡ್ಯಾಕೆ ಅಮ್ಮಾ?"

"ಒಂದು ನಿನ್ನ ಗಂಡ ಇದ್ದಾಗಿನದು, ಇನ್ನೊಂದು ಆಮೇಲಿಂದು."

"ಎರಡೂ ಸಲ ದುಡ್ದಿದ್ದು ನಾನೇ ಅಲ್ವಾ?"

ಅವಳ ಮುಖದಲ್ಲಿ ಜಗಳ ಇರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ನಾನು ಮೇಜಿನ ಮೇಲಿನ ಕಾಗದಗಳನ್ನು ಸರಿ ಮಾಡತೊಡಗಿದೆ. "ಕಂಪ್ಯೂಟರಿಗೆ ಅದು ಗೊತ್ತಾಗ್ಲಿಲ್ಲ," ಎಂದೆ.

ಅವಳು ಕಾಗದಗಳನ್ನು ಮಡಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನನ್ನ ಮುಖ ನೋಡಿದಳು. ನಾನು ಅಳುವಂತಿದ್ದೆನೋ ಏನೋ, ನನ್ನನ್ನೇ ಸಮಾಧಾನ ಮಾಡಿದಳು.

"ಹೋಗ್ಲಿ ಬಿಡಿ ಅಮ್ಮಾ, ನೀವೆಂತಕ್ಕೆ ಬೇಜಾರು ಮಾಡ್ಕೊಳ್ತೀರಿ. ಯಂತ್ರ ಅಲ್ವಾ, ಅದಕ್ಕೆ ನಮ್ಮ ಗುರ್ತ ಎಲ್ಲಿ ಇರ್ತದೆ? ನಿಮ್ಮಂಥ ಮನುಷ್ಯರು ಯಾರಾದ್ರೂ ಬರ್ದಿದ್ರೆ ಹಿಂಗೆ ಮಾಡ್ತಿರ್ಲಿಲ್ಲ."

ನಾನು ಹೂಂ ಎಂದೆ.